ಕರೆಂಟ್ ಇದೆ, ತಂತಿ ಇಲ್ಲ

ಪ್ರಶ್ನೆ: ಜರ್ಮನಿಯವರು ಅಣು ಸ್ಥಾವರ ಎಲ್ಲ ಮುಚ್ಚಿ ಕಲ್ಲಿದ್ದಲು ಸುಡುತ್ತಿದ್ದಾರಂತೆ. ಅಷ್ಟು ಬುದ್ಧಿವಂತರಿಗೆ ಇದೇನು ಬಂತು? ನಾವು ಕೈಗಾ ಪಕ್ಕದವರು, ಅದಕ್ಕೇ ಕೇಳಿದೆ.
– ಕಾರವಾರದ ಓದುಗರು

ಉತ್ತರ: ನಾನಿರುವುದು ದಕ್ಷಿಣ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. 2023ರ ಏಪ್ರಿಲ್ 15ರಂದು ಕೊನೆಯದಾಗಿ ನಿಂತ ಮೂರು ಸ್ಥಾವರಗಳಲ್ಲಿ ಒಂದಾದ ನೆಕ್ಕರ್‌ವೆಸ್ಟ್‌ಹೈಮ್ ಇಲ್ಲಿಂದ ದೂರವೇನಿಲ್ಲ. ಆ ರಾತ್ರಿ ನಮ್ಮ ಮನೆಯ ದೀಪ ಒಮ್ಮೆ ಮಿಣುಕಲೂ ಇಲ್ಲ.

ಮುಚ್ಚುವ ಮಾತು ದಿಢೀರ್ ಹುಟ್ಟಿದ್ದಲ್ಲ. 2000ದಲ್ಲೇ ಚಾನ್ಸಲರ್ ಶ್ರೋಡರ್ ಸರ್ಕಾರ ವಿದ್ಯುತ್ ಕಂಪನಿಗಳ ಜೊತೆ ಮುಚ್ಚುವ ಒಪ್ಪಂದ ಮಾಡಿಕೊಂಡಿತ್ತು. 2010ರಲ್ಲಿ ಆಗಿನ ಚಾನ್ಸಲರ್ ಮರ್ಕೆಲ್ ‘ಇನ್ನಷ್ಟು ವರ್ಷ ಓಡಲಿ’ ಎಂದರು. ಮರುವರ್ಷ ಜಪಾನಿನಲ್ಲಿ ಫುಕುಶಿಮಾ ಅಣು ದುರಂತ ಆಯಿತು, ಅವರೇ ಮಾತು ತಿರುಗಿಸಿದರು. ಕಸದ ತಲೆನೋವೂ ಇತ್ತು. ಆಸ್ಸೆ ಎಂಬ ಹಳೇ ಉಪ್ಪಿನ ಗಣಿಯೊಳಗೆ 1967ರಿಂದ 1978ರವರೆಗೆ ಸುಮಾರು 1,26,000 ಡ್ರಮ್ ಅಣುತ್ಯಾಜ್ಯ ಇಳಿಸಿದರು. ಈಗ ಅಲ್ಲಿ ನೀರು ಜಿನುಗುತ್ತಿದೆ. ಎಲ್ಲವನ್ನೂ ವಾಪಸ್ ಮೇಲೆ ತರಬೇಕಂತೆ. ಇಳಿಸಿದಷ್ಟು ಸುಲಭವೇ?

ಕಲ್ಲಿದ್ದಲು ಮತ್ತೆ ಏರಿದ್ದು 2022ರಲ್ಲಿ, ರಷ್ಯಾದ ಗ್ಯಾಸ್ ನಿಂತಾಗ. ಮರುವರ್ಷ ಇಳಿಯಿತು. ಆದರೂ ನನ್ನ ತಕರಾರು ಒಂದಿದೆ: ಮೊದಲು ಕಲ್ಲಿದ್ದಲು ಮುಚ್ಚಬೇಕಿತ್ತು, ಅಣು ಆಮೇಲೆ. ಗಾರ್ಟ್ಸ್‌ವೈಲರ್ ಎಂಬ ಕಲ್ಲಿದ್ದಲು ಗಣಿಯ ಅಂಚಿನಲ್ಲಿ ನಿಂತು ನೋಡಿದ ಮೇಲೆ ಈ ಮಾತು ಇನ್ನೂ ಗಟ್ಟಿಯಾಯಿತು. ಆ ಗುಂಡಿಗೆ ಆಚೆ ದಡವೇ ಸರಿಯಾಗಿ ಕಾಣುವುದಿಲ್ಲ. ಅಗೆಯುವ ಯಂತ್ರ ದೂರದಿಂದ ಆಟಿಕೆ ಥರ ಇತ್ತು. ಅಲ್ಲಿನ ದೊಡ್ಡದೊಂದರ ಎತ್ತರ 96 ಮೀಟರ್! ಈ ಗುಂಡಿಗಾಗಿ 2023ರ ಜನವರಿಯಲ್ಲಿ ಪೊಲೀಸರು ಲ್ಯುಟ್ಸೆರಾಟ್ ಎಂಬ ಊರನ್ನೇ ಖಾಲಿ ಮಾಡಿಸಿದರು.

ಪ್ರಶ್ನೆ: ಅಲ್ಲಿ ಗಾಳಿ, ಬಿಸಿಲಿನ ಕರೆಂಟೇ ಜಾಸ್ತಿ ಅಂತಾರೆ. ಗಾಳಿಗೇನು ದುಡ್ಡು ಕೊಡಬೇಕಾ? ಮತ್ತೆ ಬಿಲ್ ಯಾಕೆ ದುಬಾರಿ?
– ಗದಗದ ಓದುಗರು

ಉತ್ತರ: ಗಾಳಿ ಪುಕ್ಕಟೆ, ತಂತಿ ಪುಕ್ಕಟೆ ಅಲ್ಲ ಸ್ವಾಮಿ. ಗಾಳಿ ಜೋರಾಗಿ ಬೀಸುವುದು ಉತ್ತರದ ಸಮುದ್ರದ ಕಡೆ. ಕಾರು, ಯಂತ್ರ ಮಾಡುವ ದೊಡ್ಡ ಕಾರ್ಖಾನೆಗಳು ನಮ್ಮ ದಕ್ಷಿಣದಲ್ಲಿ. ನಡುವೆ ‘ಜ್ಯೂಡ್‌ಲಿಂಕ್’ ಎಂಬ ಸುಮಾರು 700 ಕಿಲೋಮೀಟರ್ ಲೈನ್ ಬರಬೇಕು. ಕಂಬ ಬೇಡ ಅಂತ ದಕ್ಷಿಣದ ಬವೇರಿಯಾ ರಾಜ್ಯದವರು ಪಟ್ಟು ಹಿಡಿದರು. ಸರಿ, ನೆಲದೊಳಗೆ ಹೂಳೋಣ ಎಂದಾಯಿತು. 2022ಕ್ಕೆ ಮುಗಿಯಬೇಕಿದ್ದ ಕೆಲಸ 2028ಕ್ಕೆ ಹೋಯಿತು.

ಅಲ್ಲಿಯವರೆಗೆ ನಡೆಯುವ ತಮಾಷೆ ಕೇಳಿ. ಉತ್ತರದಲ್ಲಿ ಗಾಳಿ ಜಾಸ್ತಿಯಾಯಿತು, ಲೈನ್ ತುಂಬಿತು. ‘ನಿಲ್ಲಿಸಿ’ ಅಂತ ಅಲ್ಲಿನ ಗಾಳಿಯಂತ್ರಕ್ಕೆ ಆದೇಶ, ನಿಲ್ಲಿಸಿದ್ದಕ್ಕೆ ಪರಿಹಾರ. ಅದೇ ಹೊತ್ತಿಗೆ ದಕ್ಷಿಣದಲ್ಲಿ ಗ್ಯಾಸೋ ಕಲ್ಲಿದ್ದಲೋ ಉರಿಸಿ ಕೊರತೆ ತುಂಬಬೇಕು, ಅದಕ್ಕೂ ದುಡ್ಡು. ಎರಡೂ ನಮ್ಮ ಬಿಲ್ಲಿಗೆ. ಮೇಲೆ ತೆರಿಗೆ ಬೇರೆ. ಮನೆಗೆ ಯುನಿಟ್‌ಗೆ ಸುಮಾರು 40 ಸೆಂಟ್ ಬೀಳುತ್ತದೆ. ಊರಿಗೆ ಫೋನ್ ಮಾಡಿ ಇದನ್ನು ರೂಪಾಯಿಯಲ್ಲಿ ಹೇಳಿದರೆ ಅಮ್ಮ ನಂಬುವುದಿಲ್ಲ.

ಇದರ ತದ್ವಿರುದ್ಧವೂ ಉಂಟು. ಚಳಿಗಾಲದಲ್ಲಿ ಮೋಡ ಮುಚ್ಚಿ, ಗಾಳಿಯೂ ಸತ್ತು ಬಿದ್ದ ದಿನಗಳಿಗೆ ‘ಡುಂಕೆಲ್‌ಫ್ಲೌಟೆ’ ಅಂತಾರೆ. 2024ರ ಡಿಸೆಂಬರ್ 12ರಂದು ಹಾಗೇ ಆಗಿ, ಸಗಟು ಮಾರುಕಟ್ಟೆಯಲ್ಲಿ ಒಂದು ಗಂಟೆಯ ಮಟ್ಟಿಗೆ ಸಾವಿರ ಯುನಿಟ್‌ನ ಬೆಲೆ 900 ಯೂರೋ ದಾಟಿತ್ತು.

ಪ್ರಶ್ನೆ: ಬಾಲ್ಕನಿಗೆ ಸೋಲಾರ್ ಕಟ್ಟುತ್ತಾರಂತೆ, ನಿಜವೇ? ಉಪಯೋಗ ಉಂಟಾ?
– ಮೂಡುಬಿದಿರೆಯ ಓದುಗರು

ಉತ್ತರ: ನಿಜ, ನಮ್ಮ ಬಾಲ್ಕನಿಯಲ್ಲೇ ಎರಡಿವೆ. ಮೊದಲು ಮನೆ ಮಾಲೀಕರು ‘ಅಂದ ಕೆಡುತ್ತೆ’ ಅಂತ ಬೇಡವೆಂದರು. 2024ರ ಅಕ್ಟೋಬರಿನಲ್ಲಿ ಕಾನೂನು ಬಾಡಿಗೆದಾರರ ಕಡೆ ವಾಲಿತು, ಅವರೂ ಸುಮ್ಮನಾದರು. 800 ವ್ಯಾಟ್‌ವರೆಗೆ ಮನೆಯ ಲೈನಿಗೆ ಬಿಡಲು ಅವಕಾಶ ಇದೆ. ಪ್ಲಗ್ ಚುಚ್ಚಿದರೆ ಆಯಿತು.

ಜೂನ್‌ನಲ್ಲಿ ಒಳ್ಳೇ ಬಿಸಿಲಿದ್ದರೆ ದಿನಕ್ಕೆ ನಾಲ್ಕು ಯುನಿಟ್ ಬರುತ್ತದೆ. ಪಕ್ಕದ ಮನೆ ಅಜ್ಜಿ ಸಂಜೆ ‘ಇವತ್ತೆಷ್ಟು?’ ಅಂತ ಹಾಲಿನ ಲೆಕ್ಕದ ಥರ ಕೇಳುತ್ತಾರೆ. ಡಿಸೆಂಬರಿನಲ್ಲಿ ಕೇಳುವುದನ್ನು ಬಿಟ್ಟರು. ಮಂಜು ಕವಿದ ಒಂದು ದಿನ ಮೊಬೈಲ್‌ನಲ್ಲಿ ನೋಡಿದರೆ 0.1 ಯುನಿಟ್. ಒಂದು ಲೀಟರ್ ನೀರು ಕುದಿಸಿದೆವು, ಮುಗಿಯಿತು.