ಚಿತ್ರ ಆಮೇಲೆ, ಮೊದಲು ರಟ್ಟು ಮಡಚಿ

ಪ್ರಶ್ನೆ: ನಾವು ನಾಲ್ವರು ಗೆಳೆಯರು ಹಾಡಿದ ಒಂಬತ್ತು ಹಾಡುಗಳ ಸಿಡಿ ಮಾಡಿಸುತ್ತಿದ್ದೇವೆ. ಪ್ಲಾಸ್ಟಿಕ್ ಡಬ್ಬಿ ಬೇಡ, ಪುಸ್ತಕದ ಹಾಗೆ ತೆರೆಯುವ ರಟ್ಟಿನ ಕವರ್ ಬೇಕು. ಹೊರಗೆಲ್ಲ ಪೂರ್ತಿ ಕಪ್ಪು ಬಣ್ಣ, ಚಿತ್ರವೂ ಸಿದ್ಧ. ನೇರವಾಗಿ ಪ್ರಿಂಟಿಗೆ ಕೊಡಬಹುದಾ?

ಉತ್ತರ: ಈಗಲೇ ಬೇಡ. ಮೊದಲು ಬಿಳಿ ರಟ್ಟು, ಕತ್ತರಿ, ಅಂಟು ತಗೊಂಡು ಒಂದು ಮಾದರಿ ಕವರನ್ನು ಕೈಯಲ್ಲೇ ಮಾಡಿ. ಸಿಡಿಯ ಅಡ್ಡಳತೆ 120 ಮಿ.ಮೀ. ಕವರಿನ ಒಂದೊಂದು ಮುಖ 125 ಮಿ.ಮೀ. ಇದ್ದರೆ ಜಾಗ ಧಾರಾಳ ಅನಿಸುತ್ತದೆ, ಆದರೆ ಸಿಡಿ ಕೂರುವ ಜೇಬಿನ ಅಂಟುಪಟ್ಟಿ ಒಳಗೆ ಮಡಚಿಕೊಂಡ ಮೇಲೆ ಉಳಿಯೋದು ಎಷ್ಟು ಅಂತ ಪರದೆ ಮೇಲೆ ಗೊತ್ತೇ ಆಗಲ್ಲ. ಬೇಡದ ಒಂದು ಸಿಡಿ ಹಾಕಿ ಇಪ್ಪತ್ತು ಸಲ ತೆಗೆದು ನೋಡಿ. ಬಿಗಿಯಾದರೆ ಕೇಳುಗರು ಎಳೆದೆಳೆದು ರಟ್ಟು ಹರಿಯುತ್ತಾರೆ, ಸಡಿಲವಾದರೆ ಸಿಡಿ ಜಾರಿ ಬೀಳುತ್ತದೆ. ಜೇಬಿನ ಬಾಯಿಯಲ್ಲಿ ಹೆಬ್ಬೆರಳಿಗೆ ಅರ್ಧಚಂದ್ರದ ಕಚ್ಚು ಇರಲಿ.

ಇನ್ನು ಆ ಕಪ್ಪು. ಚೆಂದವೇ, ಆದರೆ ಮಡಿಕೆಯಲ್ಲಿ ಶಾಯಿ ಬಿರುಕು ಬಿಟ್ಟು ಬಿಳಿ ಗೆರೆ ಇಣುಕುತ್ತದೆ. ರಟ್ಟಿನ ನಾರು ಮಡಿಕೆಯ ಉದ್ದಕ್ಕೇ ಓಡುವಂತೆ ಹಾಳೆ ಇಡಬೇಕು, ಮಡಚೋ ಮೊದಲು ಕ್ರೀಸಿಂಗ್, ಅಂದರೆ ಮಡಿಕೆಯ ಗೆರೆಯನ್ನು ಒತ್ತಿ ಮೂಡಿಸೋದು, ಆಗಿರಬೇಕು, ಮೇಲೆ ಲ್ಯಾಮಿನೇಷನ್ ಇದ್ದರೆ ಇನ್ನೂ ಒಳ್ಳೆಯದು. ಈ ಮೂರನ್ನೂ ಪ್ರಿಂಟರ್ ಹತ್ತಿರ ಬಾಯಿಬಿಟ್ಟು ಕೇಳಿ. ನಾನಾದರೆ ಮಡಿಕೆಯ ಜಾಗಕ್ಕೆ ತಿಳಿ ಬಣ್ಣವನ್ನೇ ತರುತ್ತಿದ್ದೆ.

ಬೆನ್ನಿನ ಪಟ್ಟಿ ಮರೆಯಬೇಡಿ. ಕಪಾಟಿನಲ್ಲಿ ಸಾಲಾಗಿ ನಿಂತಾಗ ಕಾಣೋದು ಅದೊಂದೇ ಅಲ್ವಾ? ಆದರೆ ಅದು ಕೆಲವೇ ಮಿಲಿಮೀಟರ್ ಅಗಲ, ಮಡಚುವಾಗ ಒಂದಿಷ್ಟು ಆಚೀಚೆ ಸರಿದೇ ಸರಿಯುತ್ತದೆ. ಹಾಗಾಗಿ ಹೆಸರು ಮಾತ್ರ ಹಾಕಿ, ಪಟ್ಟಿಗೆ ಬೇರೆ ಬಣ್ಣ ಕೊಡಬೇಡಿ.

ಪ್ರಿಂಟರ್ ಬಳಿ ಕತ್ತರಿಸುವ, ಮಡಚುವ ಗೆರೆಗಳ ನಕ್ಷೆ ಇರುತ್ತದೆ, ಡೈಲೈನ್ ಅಂತಾರೆ. ಚಿತ್ರವನ್ನು ಅದರ ಮೇಲೇ ಕೂರಿಸಿ, ಅಂಚಿನಾಚೆ 3 ಮಿ.ಮೀ. ಬಣ್ಣ ಚಾಚಿರಲಿ. ಅಂಟು ಹಚ್ಚುವ ಪಟ್ಟಿಗೆ ಮಾತ್ರ ಶಾಯಿಯೂ ಬೇಡ, ಲ್ಯಾಮಿನೇಷನ್ನೂ ಬೇಡ, ಇಲ್ಲದಿದ್ದರೆ ಅಂಟು ಹಿಡಿಯಲ್ಲ.

ಕೊನೆಗೆ, ಸಿಡಿಯನ್ನು ಬರೀ ರಟ್ಟಿಗೆ ತುರುಕಬೇಡಿ. ಹೊಳೆಯೋ ಮುಖ ಉಜ್ಜದಿದ್ದರೆ ಸಾಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಿಜಕ್ಕೂ ಹಾಡು ಕೂತಿರೋದು ಹೆಸರು ಅಚ್ಚಾದ ಮುಖದ ಕೆಳಗೆ, ತೆಳು ಲೇಪದ ಮರೆಯಲ್ಲಿ. ಅಲ್ಲಿ ಆಳವಾಗಿ ಗೀರಿದರೆ ಹಾಡೇ ಹೋಯಿತು. ಒಳಗೊಂದು ಮೆತ್ತನೆ ಚೀಲ ಹಾಕಿ, ಮಾದರಿ ಮಾಡುವಾಗಲೂ ಆ ಚೀಲದ ಸಮೇತವೇ ಅಳತೆ ನೋಡಿ.