ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಎಥಿಕ್ಸ್ ಕ್ಲಾಸ್ ತಗೋಬೇಕು, ಒಳ್ಳೆ ಸ್ಲೈಡ್ ಎಲ್ಲಿ ಸಿಗುತ್ತವೆ?

ಸ್ಲೈಡ್ ಹುಡುಕುವುದನ್ನು ಮೊದಲು ನಿಲ್ಲಿಸಿ. ನಾನೂ ಸ್ಲೈಡ್ ನೋಡಿಯೇ ಕಲಿತವಳು. ರೋಗಿಯ ಗುಟ್ಟು ಕಾಯುವ ಬಗ್ಗೆ ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ. ಆಮೇಲೆ 2018ರಲ್ಲಿ ಇಂಟರ್ನ್‌ಶಿಪ್ ಅಂತ ಗದಗ ಜಿಲ್ಲೆಯ ಒಂದು ಹಳ್ಳಿಗೆ ಹೋದೆ.

ಟಿಬಿ ಗುಳಿಗೆ ಬಿಟ್ಟವರ ಪಟ್ಟಿ ಕೈಯಲ್ಲಿತ್ತು. ಅದರಲ್ಲಿ ಒಬ್ಬಳು ಹೊಸ ಸೊಸೆ. ಮನೆ ಮುಂದೆ ಅತ್ತೆ, ಓಣಿಯ ನಾಲ್ಕು ಹೆಂಗಸರು ಉಳ್ಳಾಗಡ್ಡಿ ಕೊಯ್ಯುತ್ತಾ ಕೂತಿದ್ದರು. ನಾನು ನಿಂತಲ್ಲೇ ಕೇಳಿದೆ: "ಟಿಬಿ ಗುಳಿಗಿ ಯಾಕ ಬಿಟ್ಟೀಯವಾ?"

ಅಷ್ಟೇ. ಬೈಯಲಿಲ್ಲ, ದನಿ ಏರಿಸಲಿಲ್ಲ. ಆದರೆ ಮನೆಯಲ್ಲಿ ಅವಳು ಬರೀ ಕೆಮ್ಮು ಅಂದಿದ್ದಳು. "ಕುಡಿಯೋಕ ನೀರು ಕೊಡವಾ" ಅಂತ ಒಳಗೆ ಹೋಗಿದ್ದರೂ ಸಾಕಿತ್ತು, ಅಡುಗೆಮನೆಯಲ್ಲಿ ಎರಡು ನಿಮಿಷ ಸಿಗುತ್ತಿತ್ತು. ಬಾಯಿ ತೆರೆಯುವ ಮುಂಚೆ ಸುತ್ತ ಯಾರಿದ್ದಾರೆ ಅಂತ ನಾನು ನೋಡಲೇ ಇಲ್ಲ. ಯಾಕಂದ್ರೆ ವಾರ್ಡಿನಲ್ಲಿ ಎಂದೂ ನೋಡಿರಲಿಲ್ಲ. ಪಕ್ಕದ ಹಾಸಿಗೆಯವರು, ಅವರ ನೆಂಟರು ಎಲ್ಲರೂ ಕೇಳಿಸಿಕೊಳ್ಳುವ ಹಾಗೆ ಕೇಸ್ ಹೇಳುತ್ತಿದ್ದೆವಲ್ಲ, ಅದೇ ರೂಢಿ ಅಂಗಳಕ್ಕೂ ಬಂತು.

ಮುಂದಿನ ವಾರ ಹೋದಾಗ ಅವಳಿರಲಿಲ್ಲ. ತವರಿಗೆ ಕಳಿಸಿದ್ದರು. "ಆಕಿ ಮನ್ಯಾಗ ಯಾರಿಗೂ ಹೇಳಿದ್ದಿಲ್ರೀ ಮೇಡಂ" ಅಂದರು ಆಶಾ ಅಕ್ಕ. ಗುಳಿಗೆ ಬಿಟ್ಟಿದ್ದು ಯಾಕೆ ಅಂತಲೂ ಅವರೇ ಹೇಳಿದರು. ಮೂತ್ರ ಕೆಂಪಗೆ ಬಂದಿತ್ತಂತೆ. ರಕ್ತ ಅಂತ ಹೆದರಿದ್ದಳು. ಟಿಬಿ ಗುಳಿಗೆಯಲ್ಲಿರುವ ರಿಫಾಂಪಿಸಿನ್ ಅನ್ನುವ ಔಷಧಿ ನುಂಗಿದರೆ ಆ ಬಣ್ಣ ಬರುವುದು ಸಹಜ. ನಾವ್ಯಾರೂ ಅವಳಿಗೆ ಅದನ್ನು ಹೇಳಿರಲಿಲ್ಲ. ಕದ್ದು ಗುಳಿಗೆ ನುಂಗುವವಳು ಇನ್ಯಾರನ್ನು ಕೇಳಬೇಕು? ತವರಿನಲ್ಲಿ ಚಿಕಿತ್ಸೆ ಮತ್ತೆ ಮೊದಲಿನಿಂದ ಶುರುವಾಯಿತು, ಆರು ತಿಂಗಳು. ನಾನು ಆ ಊರಲ್ಲಿರುವವರೆಗೆ ಅವಳು ಗಂಡನ ಮನೆಗೆ ಬರಲಿಲ್ಲ.

ಈಗ ಹುಬ್ಬಳ್ಳಿಯಲ್ಲಿ ಕಮ್ಯೂನಿಟಿ ಮೆಡಿಸಿನ್ ಕಲಿಸುತ್ತೇನೆ. 2019ರ ಬ್ಯಾಚಿನಿಂದ ಏಟ್‌ಕಾಮ್ ಅಂತ ನಡತೆ, ನೀತಿ, ಮಾತುಕತೆಯ ಪಾಠ ಸೇರಿದೆ, ಒಳ್ಳೆಯದೇ. ಆದರೆ ಜಾಸ್ತಿ ಕೆಲಸಕ್ಕೆ ಬರುವುದು 2022ರಲ್ಲಿ ಬಂದ ಕುಟುಂಬ ದತ್ತು ಕಾರ್ಯಕ್ರಮ. ಪ್ರತಿ ವಿದ್ಯಾರ್ಥಿಗೂ ಹಳ್ಳಿಯಲ್ಲಿ ಕೆಲವು ಮನೆ ಒಪ್ಪಿಸುತ್ತಾರೆ. ನಿಮ್ಮ ಕ್ಲಾಸ್ ಅಲ್ಲಿ ಮಾಡಿ. ಮೊದಲ ಸಲ ಬಿಪಿ ಮಷಿನ್ ಬೇಡ, ಫಾರ್ಮೂ ಬೇಡ. "ಊಟ ಆತೇನ್ರಿ" ಅಂತ ಕೇಳಿ ಸುಮ್ನೆ ಕೂತು ಬರಲಿ. ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೇ ಪ್ರಶ್ನೆ ಕೇಳಿ: ನೀನು ಮಾತಾಡುವಾಗ ಅಲ್ಲಿ ಯಾರ್ಯಾರು ಇದ್ದರು?

ಮತ್ತೆ ನಾಳೆ ರೌಂಡ್ಸಿಗೆ ಹೋದಾಗ ಪರದೆ ಎಳೆಯದೆ ಯಾವ ವಿದ್ಯಾರ್ಥಿಯಿಂದಲೂ ಕೇಸ್ ಹೇಳಿಸಬೇಡಿ, ದಯವಿಟ್ಟು.