ಎರಡು ಬಗೆಯ ಫ್ಲಜೆಲ್ಲಾ, ಒಂದೇ ಸಾಲ್ಮೊನೆಲ್ಲಾ

ನಿಮ್ಮ ಸಾಲ್ಮೊನೆಲ್ಲಾ ಟೈಫಿಮ್ಯೂರಿಯಮ್ ಮೊದಲು ‘ಐ’ ಸೀರಮ್‌ಗೆ (ಒಂದು ಬಗೆಯ ಫ್ಲಜೆಲ್ಲಾವನ್ನು, ಅಂದರೆ ಈಜಲು ಬಳಸುವ ಬಾಲದಂಥ ಎಳೆಗಳನ್ನು, ಗುರುತಿಸುವ ಪರೀಕ್ಷಾ ದ್ರವ) ಗಂಟು ಕಟ್ಟಿತು, ಸಬ್‌ಕಲ್ಚರ್ (ಹೊಸ ಮಾಧ್ಯಮದಲ್ಲಿ ಮರುಬೆಳೆ) ಆದ ಮೇಲೆ ‘1,2’ಕ್ಕೆ ಕಟ್ಟಿತು, ಬೇರೆ ಬ್ಯಾಕ್ಟೀರಿಯಾ ಸೇರಿಕೊಂಡಿದೆಯಾ ಅಂತ ಕೇಳಿದ್ದೀರಿ. ಸುಮ್ನೆ ಕಲ್ಚರ್ ಎಸೆಯಬೇಡಿ. ಇದು ಆ ಬ್ಯಾಕ್ಟೀರಿಯಾದ ಹುಟ್ಟುಗುಣ.

ಅದರ ಫ್ಲಜೆಲ್ಲಾ ಪ್ರೋಟೀನಿಗೆ ಎರಡು ಜೀನ್‌ಗಳಿವೆ, ‘ಐ’ ಬಗೆ ಕೊಡುವ ಫ್ಲಿ-ಸಿ ಮತ್ತು ‘1,2’ ಬಗೆ ಕೊಡುವ ಫ್ಲ್ಜ್-ಬಿ. ಒಂದು ಕೋಶದಲ್ಲಿ ಒಂದು ಹೊತ್ತಿಗೆ ಸಾಮಾನ್ಯವಾಗಿ ಒಂದೇ ನಡೆಯುತ್ತದೆ. ಫ್ಲ್ಜ್-ಬಿಯ ಪ್ರಮೋಟರ್ (ಜೀನ್ ಶುರು ಮಾಡಿಸುವ ಡಿಎನ್‌ಎ ಭಾಗ) ಇರುವುದು ಸುಮಾರು 1,000 ಬೇಸ್ ಜೋಡಿಗಳ ಡಿಎನ್‌ಎ ತುಂಡಿನಲ್ಲಿ. ಹಿನ್ ಎಂಬ ಕಿಣ್ವ ಆ ತುಂಡನ್ನು ಕತ್ತರಿಸಿ, ತಿರುಗಿಸಿ, ಅಲ್ಲೇ ಅಂಟಿಸುತ್ತದೆ. ಪ್ರಮೋಟರ್ ಸರಿಯಾದ ಕಡೆ ಮುಖ ಮಾಡಿದರೆ ಫ್ಲ್ಜ್-ಬಿ ನಡೆಯುತ್ತದೆ. ಜೊತೆಗೇ ಫ್ಲ್ಜ್-ಎ ಪ್ರೋಟೀನ್ ತಯಾರಾಗಿ ಫ್ಲಿ-ಸಿಯನ್ನು ತಡೆಯುತ್ತದೆ. ತುಂಡು ತಿರುಗಿದರೆ ಎರಡೂ ನಿಂತು ಫ್ಲಿ-ಸಿ ಶುರುವಾಗುತ್ತದೆ. ಇಷ್ಟು ಚಂದದ ಸ್ವಿಚ್ ಜೀವಲೋಕದಲ್ಲಿ ನನಗೆ ಬೇರೆ ಕಂಡಿಲ್ಲ!

ಖಾತ್ರಿಗೆ ಹೀಗೆ ಮಾಡಿ. ಒಂಟಿ ಕಾಲನಿ ತೆಗೆದು, ‘1,2’ ಸೀರಮ್ ಬೆರೆಸಿದ ಮೆತ್ತನೆಯ ಅಗಾರ್‌ನ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯ) ನಡುವೆ ಹಾಕಿ. ಆ ಬಗೆಯ ಫ್ಲಜೆಲ್ಲಾ ಇರುವವು ಅಲ್ಲೇ ಸಿಕ್ಕಿಕೊಳ್ಳುತ್ತವೆ, ತಿರುಗಿದವು ಮಾತ್ರ ಈಜಿ ಅಂಚಿಗೆ ಬರುತ್ತವೆ. ಅಂಚಿನಿಂದ ತೆಗೆದು ‘ಐ’ಗೆ ಪರೀಕ್ಷಿಸಿ. ಓ ಗುಂಪೂ (ಕೋಶದ ಹೊರಮೈಯ ಗುರುತಿನ ಗುಂಪು) ಮೊದಲಿನದೇ ಇದೆಯಾ ನೋಡಿ.

ಅಂದಹಾಗೆ, ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಟೈಫಿಯಲ್ಲಿ ಸಾಮಾನ್ಯವಾಗಿ ಫ್ಲ್ಜ್-ಬಿ ಇರುವುದೇ ಇಲ್ಲ. ಹಾಗಾಗಿ ಅದರಲ್ಲಿ ಈ ಗೊಂದಲ ಕಾಣುವುದು ಅಪರೂಪ.